ಬೈಕ್ ಆರಿಸುವಾಗ ಮೊದಲು ಹಿಂದಿನ ಸೀಟು ನೋಡಿ

ಬಾಗಲಕೋಟೆಯಿಂದ ಬೆಳಗಾವಿಗೆ ಹೊರಟಿದ್ದೆವು. ಯರಗಟ್ಟಿಯಲ್ಲಿ ಚಹಾಕ್ಕೆ ಅಂತ ನಿಲ್ಲಿಸಿದೆ. ಹೆಂಡತಿ ಗಾಡಿಯಿಂದ ಇಳಿದವಳು ಎರಡು ನಿಮಿಷ ಸೊಂಟ ಹಿಡಿದುಕೊಂಡು ನಿಂತಳು. ಆಮೇಲೆ ಹೆಲ್ಮೆಟ್ ತೆಗೆದು ನನ್ನ ಕೈಗಿಟ್ಟಳು. "ನೀವು ಇದರ ಮ್ಯಾಲ ಬರ್ರಿ, ನಾ ಬಸ್ಸಿಗೆ ಬರ್ತೀನಿ" ಅಂದಳು. ತಮಾಷೆಗೆ ಅಂದಳು ಅಂದುಕೊಂಡೆ. ಚಹಾ ಬರುವುದರೊಳಗೆ ಬಸ್ಸು ಬಂತು, ಹತ್ತಿ ಹೋಗೇಬಿಟ್ಟಳು. ಉಳಿದ ದಾರಿಯುದ್ದಕ್ಕೂ ನಾನು ಆ ಬಸ್ಸಿನ ಹಿಂದೆ ಹಿಂದೆ, ಎರಡು ಲಕ್ಷದ ಗಾಡಿಯಲ್ಲಿ ಒಬ್ಬನೇ.

ಆ ಗಾಡಿ ಯಾವುದು ಅಂತ ಹೇಳುವುದಿಲ್ಲ. ತಪ್ಪು ಗಾಡಿಯದಲ್ಲ, ಆರಿಸಿದವನದು. ಶೋರೂಮಿನಲ್ಲಿ ಹ್ಯಾಂಡಲ್ ಹಿಡಿದು ನೋಡಿದ್ದೆ, ಎಕ್ಸಲರೇಟರ್ ತಿರುವಿ ಸದ್ದು ಕೇಳಿದ್ದೆ, ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡಿದ್ದೆ. ಹಿಂದಿನ ಸೀಟನ್ನು ಕೈಯಿಂದ ಮುಟ್ಟಿಯೂ ನೋಡಿರಲಿಲ್ಲ. ಮುಂದಿನ ಗಾಡಿ ಕೊಳ್ಳುವಾಗ ಲೆಕ್ಕ ತಿರುಗಿಸಿ ಹಾಕಿದೆ: ಹಿಂದಿನಿಂದ ಮುಂದಕ್ಕೆ ಬಂದೆ. ನೋಟಕ್ಕೂ ಓಟಕ್ಕೂ ಸ್ಪೋರ್ಟಿ ಇರಬೇಕು, ಆದರೆ ಜೋಡಿಯಾಗಿ ಇನ್ನೂರು-ಮುನ್ನೂರು ಕಿಲೋಮೀಟರ್ ಹೋಗುವಂತಿರಬೇಕು ಎನ್ನುವವರಿಗೆ ಆ ಕ್ರಮ ಇಲ್ಲಿದೆ.

ಮೊದಲು ಮನೆಯಲ್ಲೇ ಮಾಡುವ ಲೆಕ್ಕ

ಒಂದು ಚೀಟಿಯ ಮೇಲೆ ನೀವು ನಿಜವಾಗಿ ಹೋಗುವ ಊರುಗಳನ್ನು ಬರೆಯಿರಿ. ಲಡಾಖ್ ಬರೆಯಬೇಡಿ. ನಮ್ಮ ಚೀಟಿಯಲ್ಲಿ ಇದ್ದದ್ದು ಬಾದಾಮಿ-ಪಟ್ಟದಕಲ್ಲು-ಐಹೊಳೆ, ಕೂಡಲಸಂಗಮ, ಸವದತ್ತಿ, ವಿಜಯಪುರ ದಾಟಿ ಸೊಲ್ಲಾಪುರ, ಮಳೆಗಾಲದಲ್ಲಿ ಗೋಕಾಕ ಫಾಲ್ಸ್, ವರ್ಷಕ್ಕೊಮ್ಮೆ ಬೆಳಗಾವಿ-ಜಾಂಬೋಟಿ-ಚೋರ್ಲಾ ಘಾಟಿನ ಮೂಲಕ ಗೋವಾ. ಅಂದರೆ ಹೆಚ್ಚು ಪಾಲು ಬಯಲುಸೀಮೆಯ ನೇರ ರಸ್ತೆ, ಹಳ್ಳಿಗೊಂದು ಹಂಪು, ಕೊನೆಯಲ್ಲಿ ಸ್ವಲ್ಪ ಘಾಟು. ನಿಮ್ಮ ಚೀಟಿ ಬೇರೆ ಇದ್ದೀತು. ಆದರೆ ಗಾಡಿ ಆ ಚೀಟಿಗೆ ಹೊಂದಬೇಕು, ಯೂಟ್ಯೂಬಿನವರ ಚೀಟಿಗೆ ಅಲ್ಲ.

ಎರಡನೆಯದು ತೂಕ. ಪ್ರತಿ ಬೈಕಿಗೂ ಗಾಡಿ, ಜನ, ಸಾಮಾನು ಎಲ್ಲ ಸೇರಿ ಇಷ್ಟೇ ಎಂಬ ಗರಿಷ್ಠ ತೂಕ ಇರುತ್ತದೆ, ಮಾಲೀಕರ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದರಿಂದ ಪೆಟ್ರೋಲ್ ತುಂಬಿದ ಗಾಡಿಯ ತೂಕ ಕಳೆಯಿರಿ. ಉಳಿದದ್ದು ನಿಮ್ಮಿಬ್ಬರಿಗೆ ಮತ್ತು ಬ್ಯಾಗಿಗೆ. ನಾನು 78 ಕಿಲೋ, ಅವಳು 62, ಎರಡು ಹೆಲ್ಮೆಟ್ಟು, ಬಟ್ಟೆ ಬ್ಯಾಗು, ನೀರು, ಬರುವಾಗ ಅಮೀನಗಡದ ಕರದಂಟು: ಹೇಗೆ ಹಿಡಿದರೂ 155 ಕಿಲೋ ದಾಟುತ್ತದೆ. ಚಿಕ್ಕ ಸ್ಪೋರ್ಟ್ಸ್ ಬೈಕುಗಳಲ್ಲಿ ಇದು ಗಡಿಗೆ ಬಂದು ನಿಲ್ಲುತ್ತದೆ. ಸೇಲ್ಸ್‌ಮನ್‌ಗೆ ಈ ಅಂಕಿ ಕೇಳಿದರೆ ಬಹಳ ಸಲ ಗೊತ್ತಿರುವುದಿಲ್ಲ. ಕೈಪಿಡಿ ತರಿಸಿ ನೀವೇ ನೋಡಿ.

ಶೋರೂಮಿಗೆ ಇಬ್ಬರೂ ಹೋಗಿ, ಅವರನ್ನೇ ಮೊದಲು ಕೂರಿಸಿ

ಈ ಹಂತಕ್ಕೆ ಒಂದು ಗಂಟೆ ಹೋದರೂ ಹೋಗಲಿ. ಹಿಂದೆ ಕೂರುವವರು ಪ್ರಯಾಣದ ದಿನ ಹಾಕುವ ಬಟ್ಟೆ, ಹೆಲ್ಮೆಟ್ಟು, ಬೆನ್ನ ಬ್ಯಾಗಿನೊಂದಿಗೇ ಬರಲಿ. ಶೋರೂಮಿನ ಹುಡುಗನಿಗೆ ಗಾಡಿ ನೆಟ್ಟಗೆ ಹಿಡಿಯಲು ಹೇಳಿ, ನೀವು ಮುಂದೆ, ಅವರು ಹಿಂದೆ ಕುಳಿತು ಹತ್ತು ನಿಮಿಷ ಇಳಿಯಬೇಡಿ. ಸುತ್ತಲಿನವರು ನಗುತ್ತಾರೆ. ನಗಲಿ.

ಕೂರುವ ಮೊದಲು ಒಂದು ಸಣ್ಣ ಪರೀಕ್ಷೆ. ಹೊಸ ಗಾಡಿ ಪೂಜೆಗೆ ಅಂತ ಶೋರೂಮಿನಲ್ಲಿ ನಿಂಬೆಹಣ್ಣು ಇದ್ದೇ ಇರುತ್ತದೆ. ಒಂದನ್ನು ತೆಗೆದುಕೊಂಡು, ನೆಟ್ಟಗೆ ಹಿಡಿದ ಗಾಡಿಯ ಹಿಂದಿನ ಸೀಟಿನ ನಡುವೆ ಇಡಿ. ನಿಂತರೆ ಸರಿ. ಉರುಳಿ ಮುಂದಿನ ಸೀಟಿಗೆ ಬಂದರೆ, ಪ್ರತಿ ಬ್ರೇಕಿಗೂ ಹಿಂದಿನವರು ಹಾಗೆಯೇ ನಿಮ್ಮ ಬೆನ್ನ ಮೇಲೆ ಜಾರಿ ಬರುತ್ತಾರೆ. ಬಂದಾಗ ಅವರ ಭಾರವೆಲ್ಲ ನಿಮ್ಮ ಮುಂಗೈಗೆ ಇಳಿಯುತ್ತದೆ. ನಾನು ನೋಡಿದ ಐದು ಗಾಡಿಗಳಲ್ಲಿ ಮೂರರಲ್ಲಿ ನಿಂಬೆಹಣ್ಣು ನಿಲ್ಲಲಿಲ್ಲ, ಒಂದರಲ್ಲಂತೂ ಟ್ಯಾಂಕಿಗೆ ಬಡಿದು ನೆಲಕ್ಕೇ ಬಿತ್ತು.

ಈಗ ಕುಳಿತವರನ್ನು ಪಕ್ಕದಿಂದ ನೋಡಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಎದ್ದಿದೆಯೇ? ಫುಟ್‌ರೆಸ್ಟ್ ತೀರ ಎತ್ತರದಲ್ಲಿದ್ದರೆ ಹಾಗಾಗುತ್ತದೆ. ತಿರುವಿನಲ್ಲಿ ನೆಲಕ್ಕೆ ತಾಗದಿರಲಿ ಎಂದು ಸ್ಪೋರ್ಟ್ಸ್ ಬೈಕಿನಲ್ಲಿ ಅದನ್ನು ಮೇಲಿಟ್ಟಿರುತ್ತಾರೆ. ಹಾಗೆ ಮಡಚಿದ ಕಾಲು ನಲವತ್ತು ಕಿಲೋಮೀಟರಿಗೆ ಜೋಮು ಹಿಡಿಯುತ್ತದೆ. ಬಲಗಾಲ ಹಿಮ್ಮಡಿ ಸೈಲೆನ್ಸರಿಗೆ ಎಷ್ಟು ಹತ್ತಿರ ಇದೆ ಅಂತಲೂ ನೋಡಿ.

ಕೈ ಎಲ್ಲಿಡುತ್ತಾರೆ? ಹಿಂದೆ ಅಥವಾ ಎರಡೂ ಬದಿಗೆ ಗಟ್ಟಿ ಗ್ರ್ಯಾಬ್ ರೇಲ್ ಇದ್ದರೆ ಒಳ್ಳೆಯದು. ಕೆಲವು ಗಾಡಿಗಳಲ್ಲಿ ಸೀಟಿನ ಮೇಲೆ ಒಂದು ಪಟ್ಟಿ ಮಾತ್ರ ಇರುತ್ತದೆ. ಅದು ಕಾನೂನಿಗೆ ಸಾಲುತ್ತದೋ ಏನೋ, ಹಂಪು ದಾಟುವಾಗ ಸಾಲುವುದಿಲ್ಲ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್, ಮತ್ತು ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ಗಾರ್ಡ್ ಬೇಕೆನ್ನುತ್ತದೆ. ಲುಕ್ ಕೆಡುತ್ತದೆ ಅಂತ ಸೀರೆ ಗಾರ್ಡ್ ಬಿಚ್ಚಿಸುವ ಹುಡುಗರು ಓಣಿಗೊಬ್ಬರಿದ್ದಾರೆ. ದುಪಟ್ಟಾ, ಸೆರಗು ಚೈನಿಗೆ ಸಿಕ್ಕಿದ್ದನ್ನು ಒಮ್ಮೆ ಕಂಡವರು ಬಿಚ್ಚಿಸುವುದಿಲ್ಲ.

ಸೀರೆಯ ಮಾತು ಬಂತು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಇಳಕಲ್ ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವುದು ರೂಢಿ. ಮೆಟ್ಟಿಲಿನಂತೆ ಎತ್ತರಿಸಿದ, ಅಂಗೈಯಗಲದ ಸೀಟಿನ ಮೇಲೆ ಹಾಗೆ ಕೂರುವುದು ಅಪಾಯ. ಭಾರ ಒಂದೇ ಕಡೆ ಬೀಳುತ್ತದೆ, ಬ್ರೇಕ್ ಹಿಡಿದಾಗ ಒತ್ತಿಕೊಳ್ಳಲು ಕಾಲಿಗೆ ಆಸರೆ ಇರುವುದಿಲ್ಲ. ದೂರದ ದಾರಿಗೆ ಚೂಡಿದಾರವೋ ಪ್ಯಾಂಟೋ ಹಾಕಿ ಎರಡೂ ಬದಿಗೆ ಕಾಲು ಹಾಕಲಿ, ಸೀರೆ ಬ್ಯಾಗಿನಲ್ಲಿರಲಿ. ಮನೆಯಲ್ಲಿ ತಾಯಿಯನ್ನು ಸಂತೆಗೆ, ಗುಡಿಗೆ ಇದೇ ಗಾಡಿಯಲ್ಲಿ ಕರೆದೊಯ್ಯುವವರಿದ್ದರೆ ಮುಂದಿನದು-ಹಿಂದಿನದು ಬೇರೆಯಾದ ಸೀಳು ಸೀಟಿನ ಸ್ಪೋರ್ಟ್ಸ್ ಬೈಕನ್ನು ಇಲ್ಲಿಗೇ ಕೈಬಿಡಿ, ಉದ್ದನೆಯ ಸಮತಟ್ಟು ಸೀಟಿನದನ್ನು ನೋಡಿ.

ಹತ್ತು ನಿಮಿಷ ಆದಮೇಲೆ ಅವರನ್ನೇ ಕೇಳಿ. "ಚಲೋ ಐತಿ" ಅಂದರೆ ನಂಬಬೇಡಿ, ನಿಮ್ಮ ಮುಖ ನೋಡಿ ಅಂದಿರುತ್ತಾರೆ. ಎಲ್ಲಿ ನೋಯುತ್ತಿದೆ ಅಂತ ಕೇಳಿ.

ಈಗ ನಿಮ್ಮ ಸರದಿ

ಮೇಲಿನ ಯೋಕ್ ಅಂದರೆ ಕೀಲಿ ಹಾಕುವ ಆ ಲೋಹದ ತಟ್ಟೆ. ಕ್ಲಿಪ್-ಆನ್ ಹ್ಯಾಂಡಲ್ (ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಕೂರಿಸಿದ ಹಿಡಿ) ಅದರ ಮೇಲಿದೆಯೋ ಕೆಳಗಿದೆಯೋ ನೋಡಿ. ಕೆಳಗಿದ್ದರೆ ನೀವು ಬಗ್ಗಬೇಕು, ಹಿಂದಿನವರೂ ನಿಮ್ಮ ಮೇಲೆ ಬಗ್ಗಬೇಕು. ಮೇಲಿದ್ದರೆ ಸ್ಪೋರ್ಟಿ ನೋಟವೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ. ಹ್ಯಾಂಡಲ್ ಹಿಡಿದು ಬೆರಳುಗಳಿಂದ ಪಿಯಾನೊ ಬಾರಿಸಿದಂತೆ ಮಾಡಿ ನೋಡಿ. ಸಲೀಸಾಗಿ ಆಡಿದರೆ ಮುಂಗೈ ಮೇಲೆ ಭಾರವಿಲ್ಲ. ಹಿಂದೆ ಜನ ಇದ್ದಾಗ ಎರಡೂ ಪಾದ ನೆಲಕ್ಕೆ ಚೆನ್ನಾಗಿ ತಾಗಬೇಕು. ಸೀಟಿನ ಎತ್ತರ 800 ಮಿ.ಮೀ. ಸುತ್ತ ಇದ್ದರೆ ನಮ್ಮ ಸರಾಸರಿ ಎತ್ತರದವರಿಗೆ ಹಿತ.

ಎಂಜಿನ್: ಎಷ್ಟು ಸಾಕು?

ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿಗೆ ಮಿತಿ ಗಂಟೆಗೆ 80 ಕಿ.ಮೀ. ಹಾಗಾಗಿ 150 ಮುಟ್ಟುತ್ತದೆಯೇ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದ್ದು ಇದು: ಇಬ್ಬರು ಕೂತು, ಬ್ಯಾಗ್ ಕಟ್ಟಿ, ಮೇಲಿನ ಗೇರಿನಲ್ಲಿ 60ರಲ್ಲಿದ್ದಾಗ ಮುಂದೊಂದು ಕಬ್ಬಿನ ಟ್ರ್ಯಾಕ್ಟರ್ ಬಂತು. ಒಂದು ಗೇರ್ ಇಳಿಸಿದರೆ ದಾಟುತ್ತದೆಯೋ, ಎರಡು ಇಳಿಸಿ ಎಂಜಿನ್ ಚೀರಿಸಬೇಕೋ? ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನ ತಿರುಗುವಾಗಲೇ, ಟಾರ್ಕ್ (ಎಳೆಯುವ ಬಲ) ಇರುವ ಎಂಜಿನ್ ಜೋಡಿ ಪ್ರಯಾಣಕ್ಕೆ ಮೇಲು. ಮೇಲೆ ಹೋದಂತೆ ಮಾತ್ರ ಜೀವ ಬರುವ ಎಂಜಿನ್ನು ಒಬ್ಬಂಟಿಗೆ ಮಜಾ, ಇಬ್ಬರಿಗೆ ಸುಸ್ತು.

ನನ್ನ ಮಟ್ಟಿಗೆ 250 ಸಿಸಿ ಕೆಳಗಿನ ಅಂಚು. ಯಮಹಾ ಆರ್‌15 ಅಪ್ಪಟ ಚೆಲುವೆ, 155 ಸಿಸಿಗೆ 18.4 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ತೆಗೆಯುವುದು ಸಣ್ಣ ಮಾತಲ್ಲ. ಆದರೆ ಬಗ್ಗಿದ ಹ್ಯಾಂಡಲ್ಲು, ಎತ್ತರದ ಪುಟ್ಟ ಹಿಂದಿನ ಸೀಟು ಕಾಲೇಜಿಗೆ ಸರಿ, ಕೊಲ್ಲಾಪುರಕ್ಕೆ ಬೇಡ. ಕೆಟಿಎಂ ಆರ್‌ಸಿ 390 ಇನ್ನೂ ಚುರುಕು, 43.5 ಪಿಎಸ್, ಅದರ ಹಿಂದಿನ ಸೀಟನ್ನು ತುರ್ತಿಗೆ ಅಂತ ಕೊಟ್ಟಿದ್ದಾರೆ ಅಂದುಕೊಳ್ಳಿ. ಟಿವಿಎಸ್ ಅಪಾಚೆ ಆರ್‌ಆರ್ 310 ನಡುವೆ ನಿಲ್ಲುತ್ತದೆ. ಸವಾರನಿಗೆ ಆರ್‌ಸಿಯಷ್ಟು ಬಗ್ಗುವ ಕಷ್ಟವಿಲ್ಲ, ಹಿಂದಿನವರು ಮಾತ್ರ ಎತ್ತರದಲ್ಲಿ ಗಾಳಿಗೆ ಮುಖ ಕೊಟ್ಟು ಕೂರಬೇಕು.

ಫೇರಿಂಗ್ (ಗಾಡಿಯ ಮುಂಭಾಗ, ಬದಿ ಮುಚ್ಚುವ ಹೊದಿಕೆ) ಬೇಕೇ ಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಸುಜುಕಿ ಗಿಕ್ಸರ್ ಎಸ್‌ಎಫ್ 250. 249 ಸಿಸಿ, 26.5 ಪಿಎಸ್, 161 ಕಿಲೋ, ಸೀಟು 800 ಮಿ.ಮೀ. ಹ್ಯಾಂಡಲ್ ಯೋಕಿನ ಮೇಲೆಯೇ ಇದೆ. ಆಯಿಲ್ ಕೂಲ್ ಎಂಜಿನ್, ರೇಡಿಯೇಟರ್ ನೀರು ನೋಡುವ ತಲೆಬಿಸಿ ಇಲ್ಲ. ಹಿಂದಿನ ಸೀಟು ಸೋಫಾ ಏನಲ್ಲ, ಆದರೆ ಗಂಟೆಗೊಮ್ಮೆ ಇಳಿದರೆ ದಿನ ದೂಡಬಹುದು. 2023ರಲ್ಲಿ ಬಂದ ಹೀರೋ ಕರಿಜ್ಮಾ ಎಕ್ಸ್‌ಎಂಆರ್ 210 ನಾನು ಹೇಳಿದ 250ರ ಅಂಚಿಗಿಂತ ಕೆಳಗಿದ್ದರೂ ಇದೇ ಸಾಲಿನದು, 25.5 ಪಿಎಸ್, ಲಿಕ್ವಿಡ್ ಕೂಲ್. ಹಳೇ ಕರಿಜ್ಮಾದ ಮೇಲೆ ಪ್ರೀತಿ ಇರುವವರು ನೋಡಲೇಬೇಕು.

ಪೂರ್ತಿ ಫೇರಿಂಗ್ ಇಲ್ಲದಿದ್ದರೂ ನಡೆಯುತ್ತದೆ ಅಂದರೆ ಬಜಾಜ್ ಡೊಮಿನಾರ್ 400ಕ್ಕೆ ಈ ಕೆಲಸದಲ್ಲಿ ಸಾಟಿ ಕಡಿಮೆ. 40 ಪಿಎಸ್, 35 ಎನ್‌ಎಂ ಟಾರ್ಕ್, 13 ಲೀಟರ್ ಟ್ಯಾಂಕು, ಅಗಲವಾದ ಸೀಟು. 2021ರಿಂದ ಎತ್ತರದ ಗಾಜು, ಕೈ ಗಾರ್ಡು, ಹಿಂದಿನವರಿಗೆ ಬೆನ್ನೊರಗು, ಕ್ಯಾರಿಯರ್ ಎಲ್ಲ ಕಂಪನಿಯಿಂದಲೇ ಕೂಡಿಸಿ ಕೊಡುತ್ತಿದ್ದಾರೆ. ಕಷ್ಟ ಅಂದರೆ 193 ಕಿಲೋ. ಹೆದ್ದಾರಿಯಲ್ಲಿ ಆ ಭಾರವೇ ಸ್ಥಿರತೆ ಕೊಡುತ್ತದೆ, ಬೆಳಗಾವಿಯ ಖಡೇಬಜಾರದಲ್ಲಿ ತಿರುಗಿಸುವಾಗ ಬೆವರು ತರಿಸುತ್ತದೆ.

ದೊಡ್ಡ ಜೇಬಿನವರಿಗೆ ಕವಾಸಾಕಿ ನಿಂಜಾ 650 (ಎರಡು ಸಿಲಿಂಡರ್, 68 ಪಿಎಸ್), ಅದಕ್ಕೂ ಮೇಲೆ ನಿಂಜಾ 1100 ಎಸ್‌ಎಕ್ಸ್. ಎಸ್‌ಎಕ್ಸ್ ನಿಜವಾದ ಸ್ಪೋರ್ಟ್ಸ್ ಟೂರರ್, ಹಿಂದಿನ ಸೀಟು ಅಗಲ, ಬದಿ ಪೆಟ್ಟಿಗೆ ಕೂರಿಸಲು ಗಾಡಿಯಲ್ಲೇ ಜಾಗ ಇದೆ. ಆದರೆ ಕೊಳ್ಳುವ ಮುನ್ನ ಸರ್ವಿಸಿಗೆ ಎಷ್ಟು ದೂರ ಹೋಗಬೇಕು ಎಂದು ವಿಚಾರಿಸಿ.

ಇನ್ನೊಂದು ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದನ್ನು ಮೀರಿದ್ದಕ್ಕೆ ಶೇ. 40. ಮೊದಲು ಅಂತರ ಇಷ್ಟಿರಲಿಲ್ಲ. ಈಗ 373 ಸಿಸಿ ಗಾಡಿಗೂ 312 ಸಿಸಿ ಗಾಡಿಗೂ ಹೋಲಿಸುವಾಗ ಆನ್-ರೋಡ್ ಬೆಲೆಯನ್ನೇ ಕೇಳಿ. ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಹೋಂಡಾ ಸಿಬಿಆರ್ 250ಆರ್ ಇಂದಿಗೂ ಹಿತವಾದ ಜೋಡಿ ಗಾಡಿ, ಬಿಡಿಭಾಗಕ್ಕೆ ಕಾಯುವ ತಾಳ್ಮೆ ಇದ್ದರೆ.

ಟೆಸ್ಟ್ ರೈಡ್ ಇಬ್ಬರೂ ಕೂಡಿ ಮಾಡಬೇಕು

ಶೋರೂಮಿನವರು ಒಂದು ಸುತ್ತು ಹಾಕಿಸಿ ಸಾಗಹಾಕುತ್ತಾರೆ. ಕನಿಷ್ಠ ಹತ್ತು ಕಿಲೋಮೀಟರ್ ಕೇಳಿ, ಹಿಂದೆ ಜನ ಕೂರಿಸಿಕೊಂಡೇ ಕೇಳಿ. ಒಪ್ಪದಿದ್ದರೆ ಅದೇ ಗಾಡಿ ಇರುವ ಗೆಳೆಯನನ್ನು ಹುಡುಕಿ. ನಾವು ಬಾಗಲಕೋಟೆಯ ನವನಗರದಿಂದ ಗದ್ದನಕೇರಿ ಕ್ರಾಸಿಗೆ ಹೋಗಿ ಬಂದೆವು. ಹಂಪು, ತೇಪೆ ಹಾಕಿದ ಡಾಂಬರು, ಲಾರಿ, ಖಾಲಿ ಹೆದ್ದಾರಿ ಎಲ್ಲ ಸಿಕ್ಕವು.

ನೋಡಬೇಕಾದ್ದು ಬಹಳಿಲ್ಲ. ಹಂಪು ದಾಟಿದ ಮೇಲೆ ಹಿಂಭಾಗ ಒಂದೇ ಸಲ ಕೂತು ಎದ್ದು ಸುಮ್ಮನಾಗಬೇಕು, ತೊಟ್ಟಿಲಿನಂತೆ ತೂಗಬಾರದು. 'ಟಕ್' ಅಂತ ಕಬ್ಬಿಣ ಬಡಿದ ಸದ್ದು ಬರಬಾರದು. ಗಟ್ಟಿಯಾಗಿ ಬ್ರೇಕ್ ಹಿಡಿದು ನೋಡಿ, ಮುಂಚೆ ಹಿಂದಿನವರಿಗೆ ಹೇಳಿ. 125 ಸಿಸಿ ಮೇಲಿನ ಗಾಡಿಗಳಿಗೆ 2019ರಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ಆದರೆ ಮುಂದಿನ ಚಕ್ರಕ್ಕೆ ಮಾತ್ರ ಇರುವ ಸಿಂಗಲ್ ಚಾನೆಲ್‌ನಲ್ಲೂ ಕಾನೂನು ಮುಗಿಯುತ್ತದೆ. ಜೋಡಿ ಪ್ರವಾಸಕ್ಕೆ ಎರಡೂ ಚಕ್ರಕ್ಕೆ ಇರುವುದನ್ನೇ ಕೊಳ್ಳಿ. ನಮ್ಮ ಎರೆಭೂಮಿಯಲ್ಲಿ ಮೊದಲ ಮಳೆಗೆ ಟ್ರ್ಯಾಕ್ಟರ್ ಗಾಲಿಗಳು ಹೊಲದ ಕರಿ ಮಣ್ಣನ್ನು ಡಾಂಬರಿಗೆ ಮೆತ್ತಿರುತ್ತವೆ. ಅದರ ಮೇಲೆ ಹಿಂದಿನ ಚಕ್ರ ಲಾಕ್ ಆದರೆ ಬೆಣ್ಣೆ ಮೇಲೆ ಜಾರಿದಂತೆ.

ಸಾಧ್ಯವಾದರೆ ಕತ್ತಲಾದ ಮೇಲೂ ಒಮ್ಮೆ ಓಡಿಸಿ. ನವೆಂಬರಿನಿಂದ ಮುಧೋಳ, ಜಮಖಂಡಿ, ಗೋಕಾಕ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು ಹಿಂದೀಪ ಇಲ್ಲದೆ ಸಾಲುಗಟ್ಟಿರುತ್ತವೆ. ಹೆಡ್‌ಲೈಟ್ ಮಂದ ಇರುವ ಗಾಡಿ ಎಷ್ಟೇ ಸುಂದರವಿದ್ದರೂ ನನಗೆ ಬೇಡ.

ಬಿಸಿಲಿನ ಪರೀಕ್ಷೆಯೂ ಇದೆ. ಏಪ್ರಿಲ್-ಮೇನಲ್ಲಿ ವಿಜಯಪುರ 40 ಡಿಗ್ರಿ ದಾಟುತ್ತದೆ. ಗೋಳಗುಮ್ಮಟದ ಮುಂದಿನ ಟ್ರಾಫಿಕ್ಕಿನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗಿ ಬಿಸಿ ಗಾಳಿಯನ್ನು ಎಲ್ಲಿಗೆ ಊದುತ್ತದೆ ಎನ್ನುವುದು ಮುಖ್ಯ. ಕೆಲವು ಗಾಡಿ ನೇರ ತೊಡೆಗೇ ಊದುತ್ತವೆ. ಫ್ಯಾನ್ ಹಾಕಿಕೊಳ್ಳುವವರೆಗೆ ನಿಲ್ಲಿಸಿ, ತೊಡೆಯ ಬಳಿ ಕೈ ಹಿಡಿದು ನೋಡಿ. ಫೇರಿಂಗಿನ ಇನ್ನೊಂದು ಮುಖ ಅಡ್ಡಗಾಳಿ. ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಆಷಾಢದ ಗಾಳಿಗೆ ಪೂರ್ತಿ ಫೇರಿಂಗಿನ ಗಾಡಿ ಒಂದು ಮಾರು ಬದಿಗೆ ತಳ್ಳಿಸಿಕೊಳ್ಳುತ್ತದೆ. ಅಲ್ಲಿ ನಾನು 50ಕ್ಕೆ ಇಳಿಸುತ್ತೇನೆ. ಹೇಗೂ ಕೊಲ್ಹಾರದಲ್ಲಿ ಮೊಸರಿಗೆ ನಿಲ್ಲಬೇಕು.

ಕೊಂಡ ಮೇಲೆ ಅರ್ಧ ಗಂಟೆಯ ಕೆಲಸ

ಶೇ. 90 ಮಂದಿ ಮಾಡದ ಕೆಲಸ ಇದು ಅನ್ನಲು ನನ್ನ ಬಳಿ ಲೆಕ್ಕ ಇಲ್ಲ, ಆದರೆ ಮಾಡಿದವರನ್ನು ನಾನು ಕಂಡದ್ದು ಕಡಿಮೆ. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಬಹುತೇಕ ಗಾಡಿಗಳಲ್ಲಿ ಒಬ್ಬರ ತೂಕಕ್ಕೆ ಹೊಂದಿಸಿ ಬರುತ್ತದೆ. ಇಬ್ಬರು ಕೂತರೆ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ, ಎದುರಿನವರು ನಿಮಗೆ ಡಿಪ್ಪರ್ ಹೊಡೆದು ಬೈಯುತ್ತಾರೆ.

ಟೈಲರಿನ ಅಳತೆ ಪಟ್ಟಿ ತನ್ನಿ. ಹಿಂದಿನ ಆಕ್ಸಲಿನ ನೇರ ಮೇಲೆ, ಸೀಟಿನ ಕೆಳಗಿನ ಪ್ಲಾಸ್ಟಿಕ್ಕಿಗೆ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿ. ಇಬ್ಬರು ಸೇರಿ ಹಿಂಭಾಗ ಎತ್ತಿ ಚಕ್ರ ತೂಗಾಡುವಾಗ ಆಕ್ಸಲಿನಿಂದ ಗೆರೆಯವರೆಗೆ ಅಳೆಯಿರಿ. ಆಮೇಲೆ ಬ್ಯಾಗ್ ಸಮೇತ ಇಬ್ಬರೂ ಕೂತು ಮೂರನೆಯವರಿಂದ ಅಳೆಸಿ. ನಮ್ಮದು ಮೊದಲು 61.2 ಸೆಂ.ಮೀ., ಕೂತಮೇಲೆ 55.1. ಅಂದರೆ 61 ಮಿ.ಮೀ. ಕುಸಿತ. ಚಕ್ರದ ಒಟ್ಟು ಆಟದ (ಮೇಲೆ-ಕೆಳಗೆ ಆಡುವ ದೂರದ) ಮೂರನೇ ಒಂದು ಭಾಗ ಕುಸಿದರೆ ಸಾಕು. ಈ ವರ್ಗದ ಗಾಡಿಗಳಿಗೆ ಸುಮಾರು 35ರಿಂದ 45 ಮಿ.ಮೀ. ಟೂಲ್ ಕಿಟ್ಟಿನ ಕೊಕ್ಕೆ ಸ್ಪ್ಯಾನರಿನಿಂದ ಎರಡು ಮೆಟ್ಟಿಲು ಬಿಗಿ ಮಾಡಿದೆ, 44ಕ್ಕೆ ಬಂತು. ಮಗ ಅಳತೆ ಹಿಡಿದಿದ್ದ, ಹೆಂಡತಿ ಹಿಂದೆ ಕೂತಿದ್ದಳು, ಓಣಿಯವರೆಲ್ಲ ಏನಾಯ್ತು ಅಂತ ಬಂದಿದ್ದರು. ಸ್ಪ್ಯಾನರ್ ಕಿಟ್ಟಿನಲ್ಲಿ ಇದೆಯೋ ಇಲ್ಲವೋ ಗಾಡಿ ತರುವ ದಿನವೇ ನೋಡಿಕೊಳ್ಳಿ. ಒಬ್ಬರೇ ಓಡಾಡುವ ದಿನ ಮತ್ತೆ ಸಡಿಲಿಸಿ.

ಗಾಳಿ ಒತ್ತಡಕ್ಕೂ ಇಬ್ಬರ ಅಂಕಿ ಬೇರೆ ಇರುತ್ತದೆ, ಚೈನ್ ಗಾರ್ಡ್ ಅಥವಾ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರ್ ಓದಿ. ಪಂಕ್ಚರ್ ಅಂಗಡಿಯವನು ಕಣ್ಣಂದಾಜಿನಲ್ಲಿ ಹಾಕುವುದನ್ನು ನಂಬಬೇಡಿ, ಸ್ವಂತ ಗೇಜ್ ಇಟ್ಟುಕೊಳ್ಳಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಚೈನಿಗೆ 500 ಕಿಲೋಮೀಟರಿಗೊಮ್ಮೆ ಎಣ್ಣೆ.

ಬ್ಯಾಗು ಹಿಂದಿನವರ ಬೆನ್ನಿಗೆ ಬೇಡ. ಅವರ ಹೆಗಲನ್ನು ಹಿಂದಕ್ಕೆಳೆಯುತ್ತದೆ. ಟ್ಯಾಂಕಿನ ಮೇಲೆ ಸಣ್ಣದೊಂದು, ಎರಡೂ ಬದಿಗೆ ಸಮ ತೂಕದ ಎರಡು. ಹೆಲ್ಮೆಟ್ ಇಬ್ಬರಿಗೂ ಐಎಸ್‌ಐ ಗುರುತಿನದೇ ಇರಲಿ. ಹಿಂದಿನವರಿಗೆ ಹಗುರದ್ದು ಕೊಡಿಸಿ, ಅವರ ತಲೆ ನಿಮಗಿಂತ ಎತ್ತರದಲ್ಲಿ ಗಾಳಿಗೆ ಸಿಗುತ್ತದೆ. ನಾಲ್ಕು ವರ್ಷದೊಳಗಿನ ಮಗು ಇದ್ದರೆ ಹಾರ್ನೆಸ್ ಬೆಲ್ಟು, ಮಗುವಿನ ಅಳತೆಯ ಹೆಲ್ಮೆಟ್ಟು, 40 ಕಿ.ಮೀ. ವೇಗ ಎಂಬ ನಿಯಮವಿದೆ. ಆ ವೇಗದಲ್ಲಿ ಪ್ರವಾಸ ಆಗುವುದಿಲ್ಲ, ಮಗು ದೊಡ್ಡದಾಗುವವರೆಗೆ ಬಸ್ಸು-ರೈಲು.

ಮೊದಲ ಪ್ರವಾಸ ನೂರು ಕಿಲೋಮೀಟರಿನೊಳಗೆ ಮುಗಿಸಿ. ನಮ್ಮದು ಬಾದಾಮಿ ಆಗಿತ್ತು, ಹೋಗಿ ಬಂದರೂ ನೂರು ದಾಟಲಿಲ್ಲ. ಹೊರಡುವ ಮೊದಲು ಸನ್ನೆ ಗೊತ್ತು ಮಾಡಿಕೊಂಡೆವು: ಎಡ ಭುಜಕ್ಕೆ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಹಂಪು ಕಂಡರೆ ನಾನು ಎಡ ಮೊಣಕೈಯಿಂದ ಅವಳ ಮೊಣಕಾಲು ಒತ್ತುತ್ತೇನೆ, ಅವಳು ಫುಟ್‌ರೆಸ್ಟ್ ಮೇಲೆ ಭಾರ ಕೊಟ್ಟು ಸ್ವಲ್ಪ ಏಳುತ್ತಾಳೆ. ಕೆರೂರು ದಾಟುವವರೆಗೆ ಭುಜಕ್ಕೆ ನಾಲ್ಕು ಸಲ ಒಂಟಿ ಪೆಟ್ಟು ಬಿತ್ತು. ಅಗಸ್ತ್ಯ ತೀರ್ಥದ ದಂಡೆಗೆ ಹೋಗಿ ನಿಲ್ಲಿಸಿದಾಗ ಇಳಿದವಳು ಸೊಂಟಕ್ಕೆ ಕೈ ಹಚ್ಚಲಿಲ್ಲ, ಬ್ಯಾಗಿನಿಂದ ರೊಟ್ಟಿ ಗಂಟು ತೆಗೆದಳು. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನ ಮುಂದೆ ಬೇಕಂತಲೇ ನಿಧಾನ ಮಾಡಿದೆ. ಬೆನ್ನ ಹಿಂದಿನಿಂದ, "ಯಾಕ ನಿಂದರ್ಸಾಕತ್ತೀರಿ, ನಡೀರಿ" ಅಂದಳು.